150 ರೂಪಾಯಿಯ ತೋಪು, ಅಟ್ಟದ ಮೇಲಿನ ಫೋಟೊ

ಎಲ್ಲರಿಗೂ ಶರಣು. ಹರಾಜಿನ ಬಗ್ಗೆ ಮಾತಾಡೋಕೆ ನಮ್ಮ ವಿಜಯಪುರಕ್ಕಿಂತ ಒಳ್ಳೆ ಊರು ಸಿಗಲಿಕ್ಕಿಲ್ಲ. ನಮ್ಮ ಕಡೆ ಲಿಲಾವು ಅಂತೀವಿ, ಹಾಗೇ ಅನ್ನೋಣ.

ಶೆರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪನ್ನು ನೀವೆಲ್ಲ ನೋಡಿದ್ದೀರಿ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. 1854ರಲ್ಲಿ ಬ್ರಿಟಿಷರು ಇದನ್ನು ಲಿಲಾವಿಗೆ ಇಟ್ಟರು. ಬಂದ ಅತಿ ಹೆಚ್ಚಿನ ಕೂಗು 150 ರೂಪಾಯಿ! ಇದು ತೀರಾ ಕಮ್ಮಿ ಆಯ್ತು ಅಂತ ಸಾತಾರದ ಅಧಿಕಾರಿಯೊಬ್ಬ ಮಾರಾಟ ನಿಲ್ಲಿಸಿದ. ಇಲ್ಲದಿದ್ದರೆ ತೋಪು ಕರಗಿ ಕೊಡ, ತಂಬಿಗೆ ಆಗಿರುತ್ತಿತ್ತೋ ಏನೋ.

ಅವತ್ತು ಆ ಅಧಿಕಾರಿ ಮಾಡಿದ್ದನ್ನು ಇವತ್ತು ರಿಸರ್ವ್ ಬೆಲೆ ಮಾಡುತ್ತದೆ. ಇದಕ್ಕಿಂತ ಕೆಳಗೆ ಕೊಡಲ್ಲ ಅಂತ ಮಾಲೀಕರು ಮೊದಲೇ ಗುಟ್ಟಾಗಿ ಹೇಳಿಟ್ಟ ಅಂಕಿ ಅದು. ಕೊನೆಯ ಕೂಗಿಗೆ ಸುತ್ತಿಗೆ ಬಿದ್ದ ಬೆಲೆಗೆ ಲೆಕ್ಕ ಮುಗಿಯುವುದಿಲ್ಲ. ಕೊಂಡವರು ಅದರ ಮೇಲೆ ಕಮಿಷನ್, ತೆರಿಗೆ ಕೊಡಬೇಕು. ಕೂಗುವ ಹುರುಪಿನಲ್ಲಿ ಇದು ಯಾರಿಗೂ ನೆನಪಿರಲ್ಲ.

ಇನ್ನು ಭಾವಚಿತ್ರಗಳಿಗೆ ಬರೋಣ. ಆದಿಲ್‌ಶಾಹಿ ಕಾಲದಲ್ಲಿ ಇಲ್ಲಿ ಬರೆದ ಚಿತ್ರಗಳನ್ನು ನೋಡಬೇಕಂದರೆ ಈಗ ವಿಮಾನ ಹತ್ತಬೇಕು. ಸುಲ್ತಾನ ಎರಡನೇ ಇಬ್ರಾಹಿಂ ತಂಬೂರಿ ನುಡಿಸುತ್ತಿರುವ ಚಿತ್ರ ಪ್ರಾಗ್‌ನಲ್ಲಿದೆ. ನನಗೆ ಜಾಸ್ತಿ ಇಷ್ಟವಾದದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಸುಮಾರು 1680ರಲ್ಲಿ ಕಮಾಲ್ ಮುಹಮ್ಮದ್, ಚಾಂದ್ ಮುಹಮ್ಮದ್ ಬರೆದದ್ದು. ವಂಶ ಕಟ್ಟಿದ ಯೂಸುಫ್‌ನಿಂದ ಹಿಡಿದು ಕೊನೆಯ ಸಿಕಂದರ್‌ವರೆಗೆ ಸುಲ್ತಾನರೆಲ್ಲ ಒಟ್ಟಿಗೆ ಕೂತಿದ್ದಾರೆ. ಸಿಕಂದರ್ ಇನ್ನೂ ಹುಡುಗ. ಇವರು ಒಟ್ಟಿಗೆ ಬದುಕಿದವರೇ ಅಲ್ಲ! ಹಳೇ ಸ್ಟುಡಿಯೊದವರು ತೀರಿಹೋದ ಅಜ್ಜನ ಫೋಟೊ ಕತ್ತರಿಸಿ ಮನೆಮಂದಿಯ ಗ್ರೂಪ್ ಫೋಟೊದಲ್ಲಿ ಅಂಟಿಸುತ್ತಿದ್ದರಲ್ಲ, ಅದೇ ಕೆಲಸ. 1686ರಲ್ಲಿ ಔರಂಗಜೇಬ ಊರು ತಗೊಂಡ. ಚಿತ್ರ ಬರೆಸಿದ್ದ ಮನೆತನ ಆರೇ ವರ್ಷಕ್ಕೆ ಮುಗಿಯಿತು.

ಈಗ ನಮ್ಮ ಅಟ್ಟ. ಅಲ್ಲಿ ಸಿಗುವುದು ಹೆಚ್ಚಾಗಿ ರವಿವರ್ಮನ ಲಕ್ಷ್ಮಿ, ಸರಸ್ವತಿ. 2023ರಲ್ಲಿ ರವಿವರ್ಮನ ಯಶೋದೆ-ಕೃಷ್ಣರ ಚಿತ್ರ ಮುಂಬೈಯಲ್ಲಿ 38 ಕೋಟಿಗೆ ಹೋಯಿತು. ಆಮೇಲೆ ನನಗೆ ಫೋನೋ ಫೋನು. ಅದು ಕೈಯಿಂದ ಬರೆದ ಎಣ್ಣೆಬಣ್ಣದ ಚಿತ್ರ. ನಮ್ಮ ಮನೆಗಳಲ್ಲಿರುವುದು ಅಚ್ಚು. 1894ರಲ್ಲಿ ಬೊಂಬಾಯಿಯಲ್ಲಿ ಶುರುವಾದ ಆತನ ಪ್ರೆಸ್ ಸಾವಿರಗಟ್ಟಲೆ ಹೊಡೆದದ್ದು. ಅದಕ್ಕೂ ಬೆಲೆ ಇದೆ. ಸೀರೆಗೆ ನಿಜವಾದ ಜರಿ, ಚಮಕಿ ಹೊಲಿದಿದ್ದರೆ ಕೇಳುವವರು ಜಾಸ್ತಿ. ಆದರೆ ಕೋಟಿ ಕನಸು ಬೇಡ.

ನಾನೂ ಮೋಸ ಹೋಗಿದ್ದೇನೆ. ಒಂದು ಸಂತೆಯಲ್ಲಿ ಹಳದಿ ತಿರುಗಿದ ಸರಸ್ವತಿ ಸಿಕ್ಕಿತು. ಎರಡು ಸಾವಿರ ಕೊಟ್ಟೆ. ಮನೆಗೆ ಬಂದು ಲೆನ್ಸ್ ಇಟ್ಟರೆ ಸಾಲುಸಾಲಾಗಿ ಒಂದೇ ಅಂತರದಲ್ಲಿ ಚುಕ್ಕಿ. ಅದು ಇತ್ತೀಚಿನ ಆಫ್‌ಸೆಟ್ ಅಚ್ಚು. ರವಿವರ್ಮನ ಪ್ರೆಸ್ಸಿನದು ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಒತ್ತಿದ್ದು. ಅದರಲ್ಲಿ ಚುಕ್ಕಿಗಳು ಹಿಟ್ಟು ಚೆಲ್ಲಿದ ಹಾಗೆ ಹೆಚ್ಚುಕಮ್ಮಿ ಇರುತ್ತವೆ. ಹಳದಿ ಬಣ್ಣಕ್ಕೆ ಚಹಾದ ನೀರು ಸಾಕು ಬಿಡಿ.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಅಜ್ಜಿಯ ಫೋಟೊಗೆ ಹೊಸ ಕಟ್ಟು ಹಾಕಿಸಲು ಕೊಟ್ಟಿದ್ದೆ. ಹಿಂದಿನ ರಟ್ಟಿನ ಮೇಲೆ ಸ್ಟುಡಿಯೊ ಮೊಹರು ಇತ್ತು, ಪೆನ್ಸಿಲಿನಲ್ಲಿ ತಾರೀಖು ಇತ್ತು. ಅಂಗಡಿಯವರು ರಟ್ಟು ಎಸೆದು ಫಳಫಳ ಹೊಳೆಯುವ ಪ್ಲೈವುಡ್ ಬಡಿದುಕೊಟ್ಟರು. ಲಿಲಾವಿನವರು ಮೊದಲು ಕೇಳುವುದೇ ಇದು ಯಾರದು, ಯಾವಾಗಿನದು, ಯಾರ ಕೈಯಿಂದ ಬಂತು ಅಂತ. ಅದನ್ನು ಹೇಳುತ್ತಿದ್ದ ರಟ್ಟು ಕಸದ ಗಾಡಿಗೆ ಹೋಯಿತು.

ಕಾನೂನಿನ ಮಾತು ಚುಟುಕಾಗಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಚಿತ್ರಗಳನ್ನು ನೋಂದಣಿ ಮಾಡಿಸಬೇಕು. ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಮತ್ತೆ, ಹಳೇ ನೋಟಿಗೆ ಲಕ್ಷ ಕೊಡ್ತೀವಿ, ಮೊದಲು ಫೀಸು ಕಟ್ಟಿ ಅಂತ ಫೋನ್ ಬಂದರೆ ಸುಮ್ನೆ ಇಟ್ಟುಬಿಡಿ. ರಿಸರ್ವ್ ಬ್ಯಾಂಕೇ 2021ರಲ್ಲಿ ಈ ಮೋಸದ ಬಗ್ಗೆ ಎಚ್ಚರಿಸಿದೆ.

ಕೆಲವರು ಚೀಲದಲ್ಲಿ ಫೋಟೊ ತಂದಿದ್ದೀರಿ, ಕಾಣಿಸ್ತಿದೆ. ಲೆನ್ಸ್ ನನ್ನ ಜೇಬಲ್ಲಿದೆ. ಬನ್ನಿ, ಮೊದಲು ಹಿಂಭಾಗ ತೋರಿಸಿ.