ಗಾಡಿ ಏನು ಹೊರುತ್ತೆ ಹೇಳಿ, ಆಮೇಲೆ ಪೈಪು

ಎಲ್ಲರಿಗೂ ನಮಸ್ಕಾರ.

ಕಾಫಿ ಪಿಕ್ಕಿಂಗ್ ಶುರುವಾಗಲು ಇನ್ನು ಹೆಚ್ಚು ದಿನ ಇಲ್ಲ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ಮಲಗಿದ್ದ ಪಿಕಪ್‌ಗಳೆಲ್ಲ ಈಗ ಒಟ್ಟಿಗೆ ಎದ್ದು ನನ್ನ ಗ್ಯಾರೇಜಿಗೆ ಬರುತ್ತಿವೆ. ಕಳೆದ ವಾರ ಒಂದೇ ದಿನ ಮೂರು ಹುಡುಗರು ಬಂದು ಒಂದೇ ಮಾತು ಹೇಳಿದರು: "ಅಣ್ಣ, ಸೈಲೆನ್ಸರ್ ಚೇಂಜ್ ಮಾಡ್ಬೇಕು." ಯಾಕಪ್ಪಾ ಅಂದೆ. ಒಬ್ಬ ತೂತಾಗಿದೆ ಅಂದ. ಸರಿ, ಅದು ಕಾರಣ. ಇನ್ನೊಬ್ಬ ಗಾಡಿಗೆ ಪಿಕಪ್ ಬರಲಿ ಅಂದ. ಪಿಕಪ್‌ಗೇ ಪಿಕಪ್ ಇಲ್ಲವಂತೆ! ಮೂರನೆಯವನು ಬಾಯಿ ಬಿಡಲಿಲ್ಲ, ಮೊಬೈಲ್ ತೆಗೆದು ವಿಡಿಯೋ ತೋರಿಸಿದ. ಅವನು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾನೆ. ಹೆಸರು ಹೇಳಲ್ಲ, ಹೆದರಬೇಡ ತಮ್ಮ.

ಮೂವರಿಗೂ ನಾನು ಕೇಳಿದ್ದು ಒಂದೇ. ಗಾಡಿ ಏನು ಹೊರುತ್ತೆ? ಅದನ್ನು ಹೇಳಿ, ಆಮೇಲೆ ಪೈಪಿನ ಮಾತು. ಕೊನೆಗೆ ಈ ಪ್ರಶ್ನೆಗೇ ವಾಪಸ್ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. 1996ರಲ್ಲಿ ನನ್ನ ಹತ್ತಿರ ಹಳೇ ಡೀಸೆಲ್ ಜೀಪ್ ಪಿಕಪ್ ಇತ್ತು. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೋ ಇಲ್ಲ, ಸೆನ್ಸರ್ ಇಲ್ಲ, ಹಾರ್ನ್ ಕೂಡ ಮನಸ್ಸು ಬಂದರೆ ಮಾತ್ರ. ನನಗೆ ಆಗ ಇಪ್ಪತ್ತೇಳು, ಹೊಸದಾಗಿ ಮದುವೆ. ಸೈಲೆನ್ಸರನ್ನು ಉದ್ದಕ್ಕೆ ಕೊಯ್ದು, ಒಳಗಿನ ತಗಡುಗಳನ್ನೆಲ್ಲ ಕಿತ್ತು, ಮತ್ತೆ ವೆಲ್ಡ್ ಮಾಡಿದೆ. ಹೊರಗಿನಿಂದ ನೋಡಿದರೆ ಕಂಪನಿ ಸೈಲೆನ್ಸರ್, ಒಳಗೆ ಖಾಲಿ ಡಬ್ಬ. ಸ್ಟಾರ್ಟ್ ಮಾಡಿದರೆ ಎದುರು ಮನೆ ನಾಯಿ ಮೂರು ದಿನ ಅಂಗಳಕ್ಕೆ ಬರಲಿಲ್ಲ.

ಮಾವನ ಮನೆ ಕಳಸದ ಕಡೆ. ಒಂದು ಗುಡ್ಡ ಇಳಿದು, ಹಳ್ಳ ದಾಟಿ, ಇನ್ನೊಂದು ಗುಡ್ಡ ಹತ್ತಬೇಕು. ನಾನು ಆಚೆ ಗುಡ್ಡದ ತಿರುವಿಗೆ ಬಂದ ಕೂಡಲೇ ಅತ್ತೆಗೆ ಸದ್ದು ಕೇಳುತ್ತಿತ್ತು. ಅಳಿಯ ಬಂದ ಅಂತ ಕೋಳಿ ಹಿಡಿಯಲು ಓಡುತ್ತಿದ್ದರು. ನಾನು ಹಳ್ಳ ದಾಟುವಷ್ಟರಲ್ಲಿ ಕೋಳಿ ಕೈಯಲ್ಲಿ. ಅಂಗಳಕ್ಕೆ ಬರುವಷ್ಟರಲ್ಲಿ ಒಲೆ ಮೇಲೆ ಕಡುಬಿನ ಪಾತ್ರೆ. ಆಹಾ, ನನ್ನ ಗಾಡಿ ಎಷ್ಟು ಫಾಸ್ಟ್ ಆಗಿದೆ ನೋಡಿ, ಬರೋದು ಮೊದಲೇ ಗೊತ್ತಾಗುತ್ತೆ ಅಂತ ನಾನು ಬೀಗಿದ್ದೇ ಬೀಗಿದ್ದು.

ಆಮೇಲೆ ಮಂಗಳೂರಿನಿಂದ ಇಪ್ಪತ್ತು ಮೂಟೆ ಸಿಮೆಂಟ್ ತರಬೇಕಾಯಿತು. ಅಂದರೆ ಒಂದು ಟನ್. ಹಿಂದಿನ ವರ್ಷವೂ ಅದೇ ಲೋಡು ತಂದಿದ್ದೆ. ಚಾರ್ಮಾಡಿಯಿಂದ ಕೊಟ್ಟಿಗೆಹಾರಕ್ಕೆ ಹತ್ತಲು ಆಗ 55 ನಿಮಿಷ ಹಿಡಿದಿತ್ತು. ಈ ಸಲ ವಾಚ್ ನೋಡಿಕೊಂಡೇ ಹೊರಟೆ. ಅದೇ ಸೆಕೆಂಡ್ ಗೇರು, ಅದೇ ತಿರುವುಗಳಲ್ಲಿ ಫಸ್ಟ್ ಗೇರು. ಕೊಟ್ಟಿಗೆಹಾರದಲ್ಲಿ ಇಳಿದಾಗ 55 ನಿಮಿಷ! ಒಂದು ನಿಮಿಷವೂ ಕಡಿಮೆ ಆಗಿರಲಿಲ್ಲ. ಕಿವಿಯಲ್ಲಿ ಮಾತ್ರ ಸಂಜೆವರೆಗೆ ಗುಂಯ್ ಅನ್ನುತ್ತಿತ್ತು. ಹೋಟೆಲಿನವನು ಎಷ್ಟು ಇಡ್ಲಿ ಅಂತ ಕೇಳಿದ್ದೂ ಕೇಳಿಸಲಿಲ್ಲ, ಸುಮ್ನೆ ತಲೆ ಆಡಿಸಿದೆ. ಎಂಟು ತಂದಿಟ್ಟ.

ಹಳೇ ಮಾದರಿ ಸೈಲೆನ್ಸರ್ ಮತ್ತೆ ಹಾಕಿಸಿದೆ. ಮುಂದಿನ ಸಲ ಸದ್ದಿಲ್ಲದೆ ಮಾವನ ಮನೆ ತಲುಪಿದೆ. ಗಂಜಿ, ಉಪ್ಪಿನಕಾಯಿ ಸಿಕ್ಕಿತು. ಆ ಖಾಲಿ ಡಬ್ಬದಿಂದ ನನಗೆ ಆದ ಲಾಭ ಏನಾದರೂ ಇದ್ದರೆ ಅದು ಕೋಳಿ ಸಾರು ಮಾತ್ರ.

ಈಗ ವಿಷಯಕ್ಕೆ ಬರೋಣ. ಹೊಗೆ ಹೋಗುವ ದಾರಿಯನ್ನು ಎರಡು ಭಾಗ ಮಾಡಿಕೊಳ್ಳಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6, ಅಂದರೆ ಹೊಸ ಹೊಗೆ ನಿಯಮದ ಡೀಸೆಲ್ ಗಾಡಿಗಳಲ್ಲಿ ಟರ್ಬೋ ಆದಮೇಲೆ ಹೊಗೆ ಶುದ್ಧ ಮಾಡುವ ಡಬ್ಬಗಳಿವೆ. ಅದರಲ್ಲಿ ಡಿಪಿಎಫ್ ಅನ್ನೋದು ಮಸಿ ಹಿಡಿಯುವ ಜರಡಿ. ಮಸಿ ತುಂಬಿದಾಗ ಇಂಜಿನ್ನೇ ಸುಮಾರು 600 ಡಿಗ್ರಿವರೆಗೆ ಕಾಯಿಸಿ ಅದನ್ನು ಸುಟ್ಟುಕೊಳ್ಳುತ್ತದೆ. ಅದರ ಹಿಂದೆ ಮುಂದೆ ಒತ್ತಡ ಅಳೆಯುವ ಸೆನ್ಸರ್ ಇದೆ, ಬಿಸಿ ಅಳೆಯುವ ಸೆನ್ಸರ್ ಇದೆ. ಅಲ್ಲಿವರೆಗೆ ಕೈ ಹಾಕಬೇಡಿ. ಕೊಯ್ದರೆ ಮೀಟರಿನಲ್ಲಿ ಹಳದಿ ಲೈಟು ಉರಿಯುತ್ತದೆ, ಗಾಡಿ ಮುನಿಸಿಕೊಂಡು ತೆವಳಲು ಶುರು ಮಾಡುತ್ತದೆ. ನಿಮಗೆ ಬಿಟ್ಟಿರುವುದು ಅದರಿಂದ ಹಿಂದಿನ ಪೈಪು, ಸೈಲೆನ್ಸರ್ ಡಬ್ಬ, ಮತ್ತೆ ಬಾಲ, ಅಂದರೆ ಹೊಗೆ ಹೊರಗೆ ಬರುವ ಕೊನೆಯ ಪೈಪು. ಅಷ್ಟೇ.

ಆ ಭಾಗ ಬದಲಿಸಿದರೆ ಪವರ್ ಬರುತ್ತಾ? ಟರ್ಬೋ ಗಾಡಿಯಲ್ಲಿ ಹಿಂದೆ ಅಡ್ಡಿ ಕಡಿಮೆ ಇದ್ದಷ್ಟು ಒಳ್ಳೆಯದು, ನಿಜ. ಆದರೆ ಎಷ್ಟು ಡೀಸೆಲ್ ಬಿಡಬೇಕು ಅಂತ ಲೆಕ್ಕ ಹಾಕುವುದು ಇಸಿಎಂ, ಅಂದರೆ ಇಂಜಿನ್ನಿನ ಕಂಪ್ಯೂಟರ್. ಅದು ಹಳೇ ಲೆಕ್ಕದಲ್ಲೇ ಇರುವಾಗ ನೀವು ಪೈಪು ಎಷ್ಟು ಅಗಲ ಮಾಡಿದರೂ ಒಂದು ಹನಿ ಜಾಸ್ತಿ ಬಿಡಲ್ಲ. ಬಾಗಿಲು ದೊಡ್ಡದು ಮಾಡಿದ ಮಾತ್ರಕ್ಕೆ ಮನೆಯಿಂದ ಹೆಚ್ಚು ಜನ ಹೊರಗೆ ಬರುತ್ತಾರಾ? ಒಳಗೆ ಇರೋದೇ ನಾಲ್ಕು ಜನ. ಎರಡೂವರೆ ಇಂಚಿನಿಂದ ಮೂರು ಇಂಚಿಗೆ ಹೋದರೆ ಅರ್ಧ ಇಂಚು ತಾನೇ ಅನ್ನುತ್ತೀರಿ. ಒಳಗಿನ ಜಾಗ 44 ಶೇಕಡಾ ಜಾಸ್ತಿ ಆಗುತ್ತದೆ. ಅದಕ್ಕೇ ಗಾಡಿ ಆ ಪರಿ ಕಿರುಚುವುದು.

ಹಾಗಾದರೆ ಬದಲಿಸಲೇಬಾರದಾ? ಬದಲಿಸಿ. ತುಕ್ಕಿಗಾಗಿ ಬದಲಿಸಿ. ನಮ್ಮ ಮಳೆಗೆ ಮಾಮೂಲು ಕಬ್ಬಿಣದ ಪೈಪು ಎಷ್ಟು ದಿನ? ಅದರಲ್ಲೂ ನೀವು ತೋಟದೊಳಗೆ ಹತ್ತಡಿ ಓಡಿಸಿ ನಿಲ್ಲಿಸುತ್ತೀರಿ. ಪೈಪು ಬಿಸಿಯೇ ಆಗಲ್ಲ, ಹೊಗೆಯ ನೀರು ಡಬ್ಬದ ತಳದಲ್ಲೇ ನಿಲ್ಲುತ್ತದೆ, ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಬಳಿದರೆ ಏನು ಬಂತು?

ನೋಡಿ, ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡು ಬಂದಿದ್ದೇನೆ. ಹಳೇ ಸ್ಪೀಕರಿನದು. ಈ ಎರಡು ತುಂಡು ಪೈಪು ಮುಂದಿನ ಸಾಲಿಗೆ ಕೊಡುತ್ತೇನೆ, ಹಿಡಿದು ನೋಡಿ. ಇದು 409 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲು, ಮ್ಯಾಗ್ನೆಟ್ ಗಪ್ ಅಂತ ಕಚ್ಚುತ್ತೆ. ಕ್ರೋಮಿಯಂ ಸುಮಾರು 11 ಶೇಕಡಾ. ಮೇಲೆ ಕಂದು ಕಲೆ ಬರುತ್ತದೆ, ಆದರೆ ಬೇಗ ತೂತಾಗಲ್ಲ. ಇನ್ನೊಂದು 304. ಕ್ರೋಮಿಯಂ 18, ನಿಕಲ್ 8. ಮ್ಯಾಗ್ನೆಟ್ ಜಾರಿ ಬೀಳುತ್ತದೆ. ರೇಟು ಜಾಸ್ತಿ. 304 ಅಂತ ದುಡ್ಡು ತೆಗೆದುಕೊಂಡು ಕೊಟ್ಟ ಪೈಪಿಗೆ ಮ್ಯಾಗ್ನೆಟ್ ಗಪ್ಪನೆ ಅಂಟಿದರೆ ಅಲ್ಲೇ ವಾಪಸ್ ಕೊಡಿ. ಆದರೆ ಇಲ್ಲೊಂದು ಮೋಸ ಇದೆ. ಮೆಟ್ಟಿಲ ಕಂಬಿಗೆ ಹಾಕುತ್ತಾರಲ್ಲ, 202, ಅದಕ್ಕೂ ಮ್ಯಾಗ್ನೆಟ್ ಅಂಟಲ್ಲ. ಹಾಗಾಗಿ ಬಿಲ್ಲಿನಲ್ಲಿ ಗ್ರೇಡು ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ನಿಮಗೆ ಉತ್ತರ ಸಿಕ್ಕಿತು.

304 ಇನ್ನೊಂದು ಆಟ ಆಡುತ್ತದೆ. ಮೂರು ಮೀಟರ್ ಪೈಪು, 300 ಡಿಗ್ರಿ ಬಿಸಿ ಏರಿದರೆ ಒಂದೂವರೆ ಸೆಂಟಿಮೀಟರ್ ಉದ್ದ ಆಗುತ್ತದೆ. ಇಷ್ಟು. ನನ್ನ ಹೆಬ್ಬೆರಳ ಉಗುರಿನಷ್ಟು. ಅದಕ್ಕೆ ಪೈಪು ನೇತುಹಾಕಲು ರಬ್ಬರ್ ಹ್ಯಾಂಗರೇ ಬೇಕು. ಚಾಸಿಗೆ ನೇರ ವೆಲ್ಡ್ ಹೊಡೆದು "ಗಟ್ಟಿ ಮಾಡಿದೀನಿ ಸಾರ್" ಅನ್ನುವವರ ಹತ್ತಿರ ಹೋಗಬೇಡಿ, ಎಲ್ಲೋ ಒಂದು ಕಡೆ ಬಿರಿದೇ ಬಿರಿಯುತ್ತದೆ. ವೆಲ್ಡಿಂಗ್ ಮುಂಚೆ ಬ್ಯಾಟರಿ ವೈರು ಕಳಚಿದರಾ ಅದನ್ನೂ ನೋಡಿ. ಬೋರ್‌ವೆಲ್ಲಿನ ಜಿಐ ಪೈಪು ಉಳಿದಿದೆ, ಅದನ್ನೇ ಹಾಕಿ ಅಂತ ತಂದು ಕೊಡುವವರಿದ್ದೀರಿ. ಅದರ ಮೇಲಿನ ಸತು ಸುಟ್ಟ ಹೊಗೆ ಕುಡಿದು ನನ್ನ ಹುಡುಗ ಒಂದು ರಾತ್ರಿ ಚಳಿಜ್ವರದಲ್ಲಿ ನಡುಗಿದ. ಇನ್ನು ಮುಂದೆ ತರಬೇಡಿ.

ಚೀಟಿ ಬಂತು. ಐದು ನಿಮಿಷ ಅಂತೆ. ಅಧ್ಯಕ್ಷರೇ, ಅರ್ಧ ಗಂಟೆ ಅಂದಿದ್ದಿರಿ, ಅತ್ತೆ ಕೋಳಿ ಹಿಡಿದದ್ದು ಸ್ವಲ್ಪ ಲಂಬಿಸಿತು.

ಸರಿ, ಎರಡನೇ ಸಾಲಿನ ತಮ್ಮ ತೋರಿಸಿದ ವಿಡಿಯೋ. ಅಮೆರಿಕದ ಪಿಕಪ್ಪು, ಐದು ಲೀಟರ್ ಪೆಟ್ರೋಲ್ ವಿ8. ಆ ಗುಡುಗು ಎಂಟು ಸಿಲಿಂಡರ್‌ನದು ತಮ್ಮ, ಪೈಪಿನದಲ್ಲ. ನಿನ್ನದು ನಾಲ್ಕು ಸಿಲಿಂಡರ್ ಡೀಸೆಲ್. ಅದೇ ಪೈಪು ಹಾಕಿದರೆ ಹಸಿದ ಎಮ್ಮೆ ಕೂಗಿದ ಹಾಗೆ ಕೇಳುತ್ತೆ. ಅಲ್ಲೂ ಎಲ್ಲ ಚೆನ್ನಾಗಿಲ್ಲ. ಡಿಪಿಎಫ್‌ನಂಥ ಹೊಗೆ ಶುದ್ಧ ಮಾಡುವ ವ್ಯವಸ್ಥೆ ಕಿತ್ತ ಅಥವಾ ಬಂದ್ ಮಾಡಿದ ಡೀಸೆಲ್ ಪಿಕಪ್‌ಗಳು ಐದು ಲಕ್ಷಕ್ಕೂ ಹೆಚ್ಚು ಅಂತ ಅಲ್ಲಿನ ಪರಿಸರ ಇಲಾಖೆಯೇ 2020ರಲ್ಲಿ ಅಂದಾಜು ಮಾಡಿತು. ಹಾಗೆ ಕೀಳುವ ಸಾಮಾನು ಮಾರಿದವರಿಗೆ ದಂಡವೂ ಬಿದ್ದಿದೆ.

ನಮ್ಮಲ್ಲಿ? ಸದ್ದು, ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್. 2019ರ ತಿದ್ದುಪಡಿ ಆದಮೇಲೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಇಲ್ಲ. ಪಿಕ್ಕಿಂಗ್ ಸೀಸನ್ನೂ ಮೂರು ತಿಂಗಳೇ, ಲೆಕ್ಕ ಹಾಕಿಕೊಳ್ಳಿ. ಸೈಲೆನ್ಸರ್ ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸುವ ಫೋಟೋ ನೀವೆಲ್ಲ ನೋಡಿದ್ದೀರಿ, ಅಲ್ವಾ?

ಕೊನೆಗೆ ಬಾಲ. ಏನು ಹೊರುತ್ತೆ ಅಂತ ಕೇಳಿದ್ದು ಇದಕ್ಕೇ. ಸೈಡಿಗೆ ತಿರುಗಿಸಿ ಕ್ಯಾಬಿನ್ ಪಕ್ಕದಲ್ಲೇ ಪೈಪು ಬಿಟ್ಟರೆ ಸ್ಟೈಲು, ಸರಿ. ಹೊಗೆ ಕಿಟಕಿಯಿಂದ ಒಳಗೆ ಬರುತ್ತದೆ. ಟಾರ್ಪಾಲಿನ ಅಡಿಯಲ್ಲಿ ಕಾಫಿ ಇದ್ದರೆ ಅದಕ್ಕೂ ಹೋಗುತ್ತದೆ. ಕಾಫಿ ಬೀಜ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ, ನಿಮಗೆ ನಾನು ಹೇಳಬೇಕಾ? ಡೀಸೆಲ್ ವಾಸನೆ ಬಂದ ಪಾರ್ಚ್‌ಮೆಂಟಿಗೆ, ಅಂದರೆ ಸಿಪ್ಪೆ ಸುಲಿದು ಒಣಗಿಸಿದ ಕಾಫಿಗೆ, ಖರೀದಿದಾರ ಮೂಗು ಮುರಿದರೆ ಪೈಪಿನ ಹತ್ತರಷ್ಟು ದುಡ್ಡು ಹೋಗುತ್ತದೆ. ಬಾಲ ಹಿಂದಿನ ಬಂಪರ್ ದಾಟಿ ಹೊರಗೆ ಬರಲಿ. ಹಳ್ಳ ದಾಟುವವರು ಸ್ವಲ್ಪ ಮೇಲಕ್ಕೆ ಎತ್ತಿಸಿ. ಬೇಸಿಗೆಯಲ್ಲಿ ಒಣ ತರಗೆಲೆ ಮೇಲೆ ಬಿಸಿ ಗಾಡಿ ನಿಲ್ಲಿಸಬೇಡಿ.

ಸೈಲೆನ್ಸರ್ ಡಬ್ಬದ ಜಾತಿಗಳ ಬಗ್ಗೆ ಎರಡು ಹಾಳೆ ಬರೆದುಕೊಂಡು ಬಂದಿದ್ದೆ, ಮಡಚಿ ಇಟ್ಟೆ. ಒಂದೇ ಮಾತು, ಗಾಜಿನ ಉಣ್ಣೆ ತುಂಬಿದ ನೇರ ಡಬ್ಬ ತೆಗೆದುಕೊಂಡರೆ ಉಣ್ಣೆ ಸವೆದ ಹಾಗೆ ಸದ್ದು ಏರುತ್ತದೆ. ಹೊಸದರಲ್ಲಿ ಕೇಳಿ ಮೋಸ ಹೋಗಬೇಡಿ.

ಪ್ರಶ್ನೆ ಇದ್ದವರು ಹೊರಗೆ ಬನ್ನಿ. ಎರಡನೇ ಸಾಲಿನ ತಮ್ಮ, ನಿನ್ನ ಗಾಡಿ ಗೇಟಿನ ಹತ್ತಿರ ತಾನೇ ನಿಲ್ಲಿಸಿರೋದು? ಕೀ ಕೊಡು. ಮ್ಯಾಗ್ನೆಟ್ ಯಾರ ಕೈಯಲ್ಲಿದೆ, ಸ್ವಲ್ಪ ಈ ಕಡೆ ಕೊಡಿ.