ಕೊನೆಯ ಸಲ ಗಾಡಿ ಕೈಕೊಟ್ಟಿದ್ದು ಯಾವಾಗ?

ನಮಸ್ಕಾರ. ಹಳೆ ಕಾರುಗಳ ಪ್ರದರ್ಶನಕ್ಕೆ ಹೋದಾಗಲೆಲ್ಲ ನಾನು ಮಾಲೀಕರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ. ಯಾವ ವರ್ಷದ್ದು, ಎಷ್ಟು ಕೊಟ್ಟಿರಿ, ಇದನ್ನೆಲ್ಲ ಬೇರೆಯವರು ಕೇಳಿರುತ್ತಾರೆ. ನನ್ನ ಪ್ರಶ್ನೆ ಇಷ್ಟೇ: "ಕೊನೆಯ ಸಲ ಇದು ದಾರಿಯಲ್ಲಿ ನಿಂತಿದ್ದು ಯಾಕೆ?"

ಕೆಲವರಿಗೆ ಸಿಟ್ಟು ಬರುತ್ತದೆ. "ನಮ್ಮ ಗಾಡಿ ನಿಲ್ಲೋದೇ ಇಲ್ಲ ರೀ" ಅನ್ನುತ್ತಾರೆ. ನಿಜ, ನಿಲ್ಲುವುದಿಲ್ಲ. ಓಡಿದರೆ ತಾನೇ ನಿಲ್ಲುವುದು? ಲಾರಿ ಮೇಲೆ ಬರುತ್ತದೆ, ಲಾರಿ ಮೇಲೆ ಹೋಗುತ್ತದೆ. ಇನ್ನು ಕೆಲವರ ಮುಖ ಅರಳುತ್ತದೆ. "ಅಯ್ಯೋ, ಅದೊಂದು ದೊಡ್ಡ ಕತೆ ಸಾರ್, ಬನ್ನಿ ಟೀ ಕುಡೀತಾ ಹೇಳ್ತೀನಿ" ಅನ್ನುತ್ತಾರೆ. ಹಳೆ ಕಾರಿನ ಹುಚ್ಚು ಹಿಡಿದಿರುವುದು ಇವರಿಗೆ.

ನನ್ನ ಹತ್ತಿರ ಇರುವುದು ಪ್ರೀಮಿಯರ್ ಪದ್ಮಿನಿ. 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಶುರುವಾಗಿ, 1974ರಲ್ಲಿ ಪದ್ಮಿನಿ ಅನ್ನಿಸಿಕೊಂಡ ಗಾಡಿ. 1089 ಸಿಸಿ ಎಂಜಿನ್, ಗೇರು ಸ್ಟೀರಿಂಗ್ ಪಕ್ಕದಲ್ಲಿ. ಒಂದು ಏಪ್ರಿಲ್‌ನಲ್ಲಿ ಮನೆಮಂದಿಯನ್ನೆಲ್ಲ ತುಂಬಿಕೊಂಡು ಶಿರಾಡಿ ಘಾಟಿ ಹತ್ತುತ್ತಿದ್ದೆ. ನಡುಮಧ್ಯಾಹ್ನ. ಒಂದು ತಿರುವಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಸೆಲ್ಫ್ ಹೊಡೆದೆ, ಹೊಡೆದೆ, ಊಹೂಂ. ಹಿಂದೆ ಬಸ್ಸುಗಳ ಹಾರ್ನು, ಪಕ್ಕದಲ್ಲಿ ಹೆಂಡತಿಯ ಮೌನ. ಯಾವುದು ಜಾಸ್ತಿ ಜೋರಿತ್ತು ಅಂತ ಈಗಲೂ ಹೇಳಲಾರೆ.

ಒಬ್ಬ ಲಾರಿ ಡ್ರೈವರ್ ಇಳಿದು ಬಂದ. ಬಾನೆಟ್ ಎತ್ತಿಸಿ, ಪೆಟ್ರೋಲ್ ಪಂಪನ್ನು ಮುಟ್ಟಿ ಕೈ ಎಳೆದುಕೊಂಡ. ಈ ಗಾಡಿಯಲ್ಲಿ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಏರಿನಲ್ಲಿ ಎಳೆದೂ ಎಳೆದೂ ಎಂಜಿನ್ ಕಾದರೆ, ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ಆವಿಯನ್ನು ತಳ್ಳುವ ತಾಕತ್ತು ಆ ಪಂಪಿಗಿಲ್ಲ, ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಕಾರ್ಬೊರೇಟರ್ ಒಣಗುತ್ತದೆ. ಗ್ಯಾರೇಜಿನವರು ವೇಪರ್ ಲಾಕ್ ಅನ್ನುವುದು ಇದಕ್ಕೇ. ಔಷಧಿ? ಒದ್ದೆ ಟವೆಲ್. ಪಂಪಿಗೆ ಸುತ್ತಿ ಅರ್ಧ ಗಂಟೆ ಕಾದೆವು. ಗಾಡಿ ಏನೂ ಆಗಿಲ್ಲವೆಂಬಂತೆ ಹೊರಟಿತು. ಅವತ್ತಿನಿಂದ ಡಿಕ್ಕಿಯಲ್ಲಿ ಒಂದು ಟವೆಲ್, ಎರಡು ಬಾಟಲಿ ನೀರು ಕಾಯಂ.

ಹೀಗೆ ಲೆಕ್ಕ ಹಾಕಿದರೆ ದಿನವಿಡೀ ಪದ್ಮಿನಿ ಓಡಿಸಿದ ಮುಂಬೈ ಟ್ಯಾಕ್ಸಿಯವರ ಮುಂದೆ ನಾವೆಲ್ಲ ಏನೂ ಅಲ್ಲ. 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತು. ಕಣ್ಣೀರಿನ ಪೋಸ್ಟ್ ಹಾಕಿದವರಲ್ಲಿ ಎಷ್ಟು ಜನ ಎಂಜಿನ್ನಿಗೆ ಕಿಡಿ ಕೊಡುವ ಒಂದು ಪಾಯಿಂಟನ್ನು ಕೈಯಾರೆ ಉಜ್ಜಿದ್ದರೋ!

ಇನ್ನೊಂದು ಜಾತಿ ಇದೆ, ಎಲ್ಲ ಭಾಗವೂ ಒರಿಜಿನಲ್ಲೇ ಇರಬೇಕೆಂದು ಕಾವಲು ಕಾಯುವ "ಒರಿಜಿನಲ್ ಪೊಲೀಸರು". ಅಂಬಾಸಿಡರ್‌ಗೆ ಜಪಾನಿನ ಇಸುಜು ಕಂಪನಿಯ ಎಂಜಿನ್ ಕೂರಿಸಿ, ದಿನಾ ಮಕ್ಕಳನ್ನು ಸ್ಕೂಲಿಗೆ ಬಿಡುವವನನ್ನು ಕಂಡರೆ ಮೂಗು ಮುರಿಯುತ್ತಾರೆ. ಸ್ವಾಮಿ, ಆ ಕಾರು ಮಾಡುತ್ತಿದ್ದ ಹಿಂದುಸ್ತಾನ್ ಮೋಟರ್ಸ್‌ನವರೇ 1990ರ ದಶಕದಲ್ಲಿ ಅದಕ್ಕೆ ಇಸುಜು ಎಂಜಿನ್ ಹಾಕಿ ಮಾರಿದ್ದರು. ಬಂಗಾಳದ ಉತ್ತರಪಾರಾದಲ್ಲಿದ್ದ ಅವರ ಕಾರ್ಖಾನೆ 2014ರಲ್ಲಿ ಕಾರು ಮಾಡುವುದನ್ನೇ ನಿಲ್ಲಿಸಿತು. ಇನ್ನೂ ಓಡುತ್ತಿದೆಯಲ್ಲ, ಅದನ್ನು ನೋಡಿ.

ಹಾಗಂತ ದುಡ್ಡಿರುವ ಸಂಗ್ರಾಹಕರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಸ್ವಾತಂತ್ರ್ಯಕ್ಕೆ ಮುಂಚಿನ ಗಾಡಿಗಳನ್ನು ಸಂಬಳದವರು ಉಳಿಸಿಕೊಳ್ಳಲು ಆಗುತ್ತದೆಯೇ? ಧರ್ಮಸ್ಥಳದ ಕಾರ್ ಮ್ಯೂಸಿಯಂ ಇಲ್ಲದಿದ್ದರೆ ನಮ್ಮ ಎಷ್ಟೋ ಮಕ್ಕಳು ಅಂಥ ಗಾಡಿಗಳನ್ನು ಫೋಟೋದಲ್ಲೇ ನೋಡಬೇಕಿತ್ತು. ಉಳಿಸುವುದು ದೊಡ್ಡ ಕೆಲಸ. ಆದರೆ ಉಳಿಸುವುದು ಬೇರೆ, ಒಡನಾಡುವುದು ಬೇರೆ ಅಲ್ವಾ?

ಕಾನೂನಿಗೂ ಗಾಜಿನ ಪೆಟ್ಟಿಗೆಯೇ ಇಷ್ಟ ಅನ್ನಿಸುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ನಿಯಮ ಮಾಡಿತು. 50 ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಬಾಳಿಕೆ, ನಂಬರಿನಲ್ಲಿ ವಿಎ ಅಕ್ಷರ. ಎಲ್ಲ ಸರಿ. ಆದರೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ತುಂಬಿಸುವುದು, ಇಂಥದ್ದಕ್ಕೆ ಮಾತ್ರ ಹೊರಗೆ ತರಬಹುದು. ದಿನದ ಓಡಾಟಕ್ಕಿಲ್ಲ. ತರಕಾರಿ ತರಲು ಹೋಗುವಂತಿಲ್ಲ! ಈ ಗಾಡಿಗಳಿಗೆ ನಿಲ್ಲಿಸಿಡುವುದಕ್ಕಿಂತ ದೊಡ್ಡ ಕಾಯಿಲೆ ಬೇರೆ ಇಲ್ಲ. ಬ್ರೇಕ್ ಹಿಡಿದುಕೊಳ್ಳುತ್ತದೆ, ರಬ್ಬರ್ ಒಣಗುತ್ತದೆ. ಈಗಂತೂ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್. ಅದು ನೀರು ಎಳೆದುಕೊಳ್ಳುತ್ತದೆ, ಟ್ಯಾಂಕಿಗೆ ತುಕ್ಕು ಹತ್ತಿಸುತ್ತದೆ, ಹಳೆ ಪೈಪುಗಳನ್ನು ತಿನ್ನುತ್ತದೆ.

ಮೊನ್ನೆಯ ಪ್ರದರ್ಶನದ್ದು ಹೇಳಿಬಿಡುತ್ತೇನೆ. ಕನ್ನಡಿ ಥರ ಹೊಳೆಯುತ್ತಿದ್ದ ಒಂದು ಗಾಡಿಯ ಮಾಲೀಕರಿಗೆ ಅದೇ ಪ್ರಶ್ನೆ ಕೇಳಿದೆ. "ನಿಂತೇ ಇಲ್ಲ" ಅಂದರು. ಹಿಂದೆ ಬಟ್ಟೆ ಹಿಡಿದು ನಿಂತಿದ್ದ ಡ್ರೈವರ್ ಮುಖ ಆಚೆ ತಿರುಗಿಸಿ ನಕ್ಕ. ಆಮೇಲೆ ಟೀ ಅಂಗಡಿಯಲ್ಲಿ ಸಿಕ್ಕಿದ. ಎಂಜಿನ್ನಿನ ಕಿಡಿಗೆ ಬೇಕಾದ ಕಂಡೆನ್ಸರ್ ಹೋಗಿದ್ದು, ಬೆಂಗಳೂರಿನ ಬಿಡಿಭಾಗಗಳ ಬೀದಿ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದಿದ್ದು, ಕೊನೆಗೆ ಬೇರೆ ಗಾಡಿಯದನ್ನು ಹೊಂದಿಸಿದ್ದು, ಯಜಮಾನರಿಗೆ ಹೇಳದೇ ಇದ್ದಿದ್ದು, ಎಲ್ಲ ಬಂತು. ಲೋಟ ಕೆಳಗಿಟ್ಟು ಕೇಳಿದ, "ನಿಮ್ಮದು ಯಾಕೆ ನಿಂತಿತ್ತು ಸಾರ್?"

ಇನ್ನೊಂದು ಟೀ ಹೇಳಿದೆ.