ನೀರು ಏರಿತೋ, ಕೋಲು ಇಳಿಯಿತೋ?

(ಮಂಜೇಶ್ವರದಲ್ಲಿ ಶಾಲಾ ಮಕ್ಕಳ ಮತ್ತು ಊರವರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಕಡಲಿನ ಬಗ್ಗೆ ಮಾತಾಡಲು ಕರೆದಿದ್ದೀರಿ. ನಾನು ಹೊಳೆಯಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನೂ ಐದಾರು ಮಕ್ಕಳೂ ಸೇರಿ ಶಿರಿಯ ಹೊಳೆಯ ಅಳಿವೆ ಹತ್ತಿರ ಒಂದು ಬಿದಿರಿನ ಕೋಲು ನೆಟ್ಟೆವು. ಬಿಳಿ ಬಣ್ಣ ಬಳಿದು ಇಂಚಿಗೊಂದು ಗೆರೆ ಎಳೆದಿದ್ದೆವು. ದಿನಾ ಉಬ್ಬರದ ಹೊತ್ತಿಗೆ ಹೋಗುವುದು, ನೀರು ಯಾವ ಗೆರೆ ಮುಟ್ಟಿದೆ ಅಂತ ಬರೆದುಕೊಳ್ಳುವುದು. ತಿಂಗಳು ಕಳೆದ ಮೇಲೆ ನೋಡಿದರೆ ಹಿಂದಿನ ಹುಣ್ಣಿಮೆಗಿಂತ ಈ ಹುಣ್ಣಿಮೆಗೆ ನೀರು ಮೂರು ಇಂಚು ಜಾಸ್ತಿ! ಏನೋ ಕಂಡುಹಿಡಿದೆವು ಅಂತ ಮಕ್ಕಳಿಗೆ ಖುಷಿಯೋ ಖುಷಿ.

ಆದರೆ ಒಬ್ಬಳು ಹುಡುಗಿ ಮೊದಲ ದಿನವೇ ದಡದ ಕಲ್ಲಿನ ಮೆಟ್ಟಿಲ ಮೇಲೆ ಪೇಂಟಿನಲ್ಲಿ ಒಂದು ಗೆರೆ ಹಾಕಿಟ್ಟಿದ್ದಳು, ಕೋಲಿನ 20ನೇ ಗೆರೆಗೆ ಸರಿಸಮ. ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪು ತಂದು ಹಿಡಿದೆವು. ಮೆಟ್ಟಿಲಿನ ಗೆರೆ ಈಗ ಕೋಲಿನ 23ನೇ ಗೆರೆಗೆ ಸಮ. ನೀರು ಏರಿರಲಿಲ್ಲ, ಕೋಲು ಕೆಸರಿನಲ್ಲಿ ಮೂರಿಂಚು ಇಳಿದಿತ್ತು. ಆ ಪೇಂಟಿನ ಗೆರೆ ಇಲ್ಲದಿದ್ದರೆ ನಾವು ಇವತ್ತಿಗೂ ತಪ್ಪನ್ನೇ ನಂಬಿಕೊಂಡಿರುತ್ತಿದ್ದೆವು.

ನೂರು ವರ್ಷದ ಕಡಲಮಟ್ಟದ ದಾಖಲೆಯನ್ನು ಪರೀಕ್ಷಿಸುವವರು ಮೊದಲು ಹುಡುಕುವುದು ಇಂಥ ಗೆರೆಯನ್ನೇ. ಅವರು ಅದಕ್ಕೆ ಬೆಂಚ್‌ಮಾರ್ಕ್ ಅನ್ನುತ್ತಾರೆ.

ನಮ್ಮ ದೇಶದಲ್ಲಿ ಈ ಕೆಲಸ ಕ್ರಮವಾಗಿ ಶುರುವಾದದ್ದು 1870ರ ದಶಕದಲ್ಲಿ. ಸರ್ವೇ ಆಫ್ ಇಂಡಿಯಾದ ಬೇರ್ಡ್ ಎಂಬ ಅಧಿಕಾರಿ ಅದರ ಮುಂದಾಳು. ಯಂತ್ರ ಸರಳ. ನೀರಿನಲ್ಲಿ ನಿಲ್ಲಿಸಿದ ಒಂದು ದೊಡ್ಡ ಕೊಳವೆ, ಅದರ ಬುಡದಲ್ಲಿ ಸಣ್ಣ ತೂತು. ತೆರೆಯ ಹೊಡೆತ ಒಳಗೆ ಬರುವುದಿಲ್ಲ, ನೀರಿನ ಮಟ್ಟ ಮಾತ್ರ ಬರುತ್ತದೆ. ಒಳಗೆ ತೇಲುವ ಒಂದು ಬುರುಡೆ, ಅದಕ್ಕೆ ಕಟ್ಟಿದ ತಂತಿ, ತಂತಿಯ ತುದಿಗೆ ಪೆನ್ನು. ಗಡಿಯಾರ ತಿರುಗಿಸುವ ಡ್ರಮ್ಮಿಗೆ ಕಾಗದ ಸುತ್ತಿರುತ್ತಾರೆ. ಕಡಲು ತಾನೇ ತನ್ನ ಗೆರೆ ಬರೆಯುತ್ತದೆ. ತೂತಿಗೆ ಕೆಸರೋ ಚಿಪ್ಪೋ ಕಟ್ಟಿಕೊಂಡರೆ ಉಬ್ಬರ ತಡವಾಗಿ, ಚಪ್ಪಟೆಯಾಗಿ ಕಾಣುತ್ತದೆ. ತಂತಿ ಜಾರುತ್ತದೆ, ಶಾಯಿ ಒಣಗುತ್ತದೆ. ಕಾಗದ ನೋಡಿದರೆ ಇವೆಲ್ಲ ಗೊತ್ತಾಗುತ್ತವೆ.

ಮುಂಬೈಯ ದಾಖಲೆ 1878ರಿಂದ ಇದೆ, ಕೊಚ್ಚಿಯದ್ದು 1939ರಿಂದ. ನಮಗೆ ಹತ್ತಿರದ ಪಣಂಬೂರಿನದ್ದು 1970ರ ದಶಕದ ನಡುವಿನಿಂದ ಮಾತ್ರ, ಬಂದರೇ ಆಗ ಆದದ್ದಲ್ವಾ? ಕಾರವಾರದಲ್ಲೂ ಕೋಝಿಕೋಡ್ ಹತ್ತಿರದ ಬೇಪೂರಿನಲ್ಲೂ ಹಿಂದೆ ಯಂತ್ರಗಳಿದ್ದವು. ರೈಲ್ವೆ ಸ್ಟೇಷನ್ನಿನ ಹಳದಿ ಫಲಕದಲ್ಲಿ 'ಸಮುದ್ರಮಟ್ಟದಿಂದ ಇಷ್ಟು ಮೀಟರ್' ಅಂತ ಓದುತ್ತೇವಲ್ಲ, ಆ ಸಮುದ್ರಮಟ್ಟ ಯಾವುದು? 1909ರಲ್ಲಿ ಒಂಬತ್ತು ಬಂದರುಗಳ ಅಳತೆಯಿಂದ ದೇಶಕ್ಕೆಲ್ಲ ಒಂದು ಮಟ್ಟ ನಿಗದಿ ಮಾಡಿದರು. ಆ ಒಂಬತ್ತರಲ್ಲಿ ಕಾರವಾರ, ಬೇಪೂರು ಎರಡೂ ಇದ್ದವು.

ಈಗ ಒಂದು ಲೆಕ್ಕ ಹೇಳುತ್ತೇನೆ, ದಯವಿಟ್ಟು ಗಮನವಿಟ್ಟು ಕೇಳಿ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಉನ್ನಿಕೃಷ್ಣನ್ ಮತ್ತು ಶಂಕರ್ 2007ರಲ್ಲಿ, 40 ವರ್ಷಕ್ಕಿಂತ ಉದ್ದದ ದಾಖಲೆಗಳನ್ನು ಜಾಲಾಡಿ ಹಿಂದೂ ಮಹಾಸಾಗರದ ಉತ್ತರ ಭಾಗದ ಏರಿಕೆಯನ್ನು ಲೆಕ್ಕ ಹಾಕಿದರು. ಸರಾಸರಿ ವರ್ಷಕ್ಕೆ 1.29 ಮಿಲಿಮೀಟರ್. ಒಂದು ಇಂಚು ಅಂದರೆ 25 ಮಿಲಿಮೀಟರ್. ಜೆಟ್ಟಿ ರಿಪೇರಿಯ ದಿನ ಯಾರೋ ಅಳತೆಪಟ್ಟಿಯನ್ನು ಒಂದಿಂಚು ಆಚೀಚೆ ಮೊಳೆ ಹೊಡೆದರು ಅನ್ನಿ, ಸುಮಾರು ಇಪ್ಪತ್ತು ವರ್ಷದ ಕಡಲೇರಿಕೆ ಅಲ್ಲೇ ಮುಚ್ಚಿಹೋಯಿತು. ಅಥವಾ ಎರಡು ಪಟ್ಟು ಆಯಿತು. ಅದಕ್ಕೇ 1933ರಿಂದ ಪ್ರಪಂಚದ ಕಡಲಮಟ್ಟದ ಸರಾಸರಿಗಳನ್ನು ಕೂಡಿಡುತ್ತಿರುವ ಲಿವರ್‌ಪೂಲಿನ ಪಿಎಸ್‌ಎಂಎಸ್‌ಎಲ್ ಸಂಸ್ಥೆ, ದಡದ ಗುರುತಿನ ಚರಿತ್ರೆ ಗೊತ್ತಿರುವ ದಾಖಲೆಗಳನ್ನು ಬೇರೆಯೇ ಇಡುತ್ತದೆ. ಆ ಚರಿತ್ರೆ ಇಲ್ಲದ ದಾಖಲೆಯಿಂದ ಏರಿಕೆಯ ಲೆಕ್ಕ ಹಾಕಬೇಡಿ ಅನ್ನುತ್ತದೆ.

ಗಡಿಯಾರದ ತಪ್ಪು ಹಿಡಿಯಲು ಚಂದ್ರನೇ ಸಾಕ್ಷಿ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಕವಿ ಮಾತ್ರ ಅಲ್ಲ, ಕಾಲನಿರ್ಣಯಕ್ಕೆ ಪಟ್ಟು ಹಿಡಿದು ಕೂತ ಸಂಶೋಧಕರು. ಶಾಸನದ ತಿಥಿಗೂ ವಾರಕ್ಕೂ ತಾಳೆ ಬೀಳುತ್ತದಾ ಅಂತ ನೋಡುತ್ತಾರಲ್ಲ, ಇದೂ ಹಾಗೆಯೇ. ಒಂದು ಉಬ್ಬರದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ. ಚಂದ್ರ ಸೂರ್ಯರ ಲೆಕ್ಕದಿಂದ ಬರುವ ಏರಿಳಿತವನ್ನು ದಾಖಲೆಯಿಂದ ಕಳೆದರೆ ಸಣ್ಣಪುಟ್ಟ ಗಾಳಿ ಮಳೆಯ ಕುರುಹು ಉಳಿಯಬೇಕು. ಅದರ ಬದಲು ಅದೇ 12 ಗಂಟೆ 25 ನಿಮಿಷದ ತೆರೆ ಉಳಿದರೆ ಗಡಿಯಾರದ ಮೇಲೆ ಅನುಮಾನ ಪಡಬೇಕು. ಹಳೆಯ ಮುಂಬೈಯಲ್ಲಿ 'ಬಾಂಬೆ ಟೈಮ್' ನಡೆಯುತ್ತಿತ್ತು, ಈಗಿನ ಸಮಯಕ್ಕಿಂತ 39 ನಿಮಿಷ ಹಿಂದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಇಡೀ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದ್ದರು. ರಿಜಿಸ್ಟರಿನಲ್ಲಿ 'ಬೆಳಿಗ್ಗೆ 6' ಅಂತ ಇದ್ದರೆ ಯಾವ 6 ಅಂತ ಕೇಳಲೇಬೇಕು.

ಆದರೆ ವಿಚಿತ್ರವಾಗಿ ಕಂಡದ್ದೆಲ್ಲ ತಪ್ಪಲ್ಲ. ಇದು ನನಗೆ ತುಂಬಾ ಮುಖ್ಯವಾದ ಮಾತು. ನಮ್ಮ ಕರಾವಳಿಯ ದಾಖಲೆ ಮೊದಲ ಸಲ ನೋಡುವವರಿಗೆ ಆಟಿ, ಸೋಣದ (ತುಳುವರ ಮಳೆಗಾಲದ ತಿಂಗಳುಗಳು, ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ) ಸರಾಸರಿ ಮಟ್ಟ ಕಂಡು ಗಾಬರಿಯಾಗುತ್ತದೆ. ಹೊರಗೆ ಧೋ ಅಂತ ಮಳೆ, ಹೊಳೆ ತುಂಬಿ ಹರಿಯುತ್ತಿದೆ, ಕಡಲು ಮಾತ್ರ ಚಳಿಗಾಲಕ್ಕಿಂತ ಹೆಚ್ಚುಕಡಿಮೆ ಒಂದು ಗೇಣು ಕೆಳಗೆ! ಯಂತ್ರ ಕೆಟ್ಟಿದೆ ಅಂತ ಅಳಿಸಿಬಿಡಲು ಕೈ ಮುಂದೆ ಹೋಗುತ್ತದೆ. ನಿಜ ಏನೆಂದರೆ, ಆಗ ದಡದ ಪಕ್ಕ ನೀರು ದಕ್ಷಿಣಕ್ಕೆ ಹರಿಯುತ್ತದೆ. ಭೂಮಿ ತಿರುಗುವುದರಿಂದ ಮೇಲಿನ ಬೆಚ್ಚನೆ ನೀರು ದಡ ಬಿಟ್ಟು ಆಚೆ ಸರಿಯುತ್ತದೆ, ಅಡಿಯ ತಣ್ಣೀರು ಮೇಲೆ ಬರುತ್ತದೆ. ತಣ್ಣೀರು ಭಾರ, ಕಡಿಮೆ ಜಾಗ ಹಿಡಿಯುತ್ತದೆ, ಮಟ್ಟ ಇಳಿಯುತ್ತದೆ. ಆ ತಣ್ಣೀರಿನ ಜೊತೆ ಬರುವ ಆಹಾರದಿಂದಲೇ ನಮ್ಮ ಬೂತಾಯಿ ಮೀನು ಕೊಬ್ಬುವುದು. ತೆರೆ ದೊಡ್ಡದಾದ್ದರಿಂದ ಕಡಲು ಏರಿದೆ ಅಂತ ನಮಗೆ ಕಾಣುತ್ತದೆ, ಅಷ್ಟೇ.

1883ರಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗ ಎದ್ದ ತೆರೆಗಳು ಭಾರತದ ಯಂತ್ರಗಳ ಕಾಗದದ ಮೇಲೂ ಮೂಡಿದ್ದವು. 2004ರ ಸುನಾಮಿ ಕೊಚ್ಚಿಯ ದಾಖಲೆಯಲ್ಲಿದೆ. ಗೀಚು ಅಂತ ಅದನ್ನು ಒರೆಸಿದ್ದರೆ? ಹಾಗಾಗಿ ಒಳ್ಳೆಯ ಪರೀಕ್ಷಕರು ಏನನ್ನೂ ಸುಮ್ನೆ ಅಳಿಸುವುದಿಲ್ಲ. ಮೂಲ ಅಂಕಿಯನ್ನು ಹಾಗೇ ಉಳಿಸಿ ಪಕ್ಕದಲ್ಲಿ ಅನುಮಾನದ ಗುರುತು ಹಾಕುತ್ತಾರೆ. ನೆರೆಯವರನ್ನು ಕೇಳುತ್ತಾರೆ. ಪಣಂಬೂರಿನಲ್ಲಿ ಮಟ್ಟ ಜಿಗಿದು ಹಾಗೇ ನಿಂತರೆ, ಕೊಚ್ಚಿಯಲ್ಲೂ ಮರ್ಮಗೋವಾದಲ್ಲೂ ಜಿಗಿದಿದೆಯಾ?

ಉಪ್ಪಳದ ಮುಸೋಡಿಯಲ್ಲಿ ಕಡಲ್ಕೊರೆತಕ್ಕೆ ಮನೆ, ತೆಂಗು ಹೋದವರು ಇಲ್ಲಿ ಕೂತಿರಬಹುದು. ಅದರಲ್ಲಿ ತೆರೆಯ ಪಾಲೆಷ್ಟು, ಮರಳು ಸರಿದದ್ದೆಷ್ಟು, ಕಡಲೇರಿದ್ದೆಷ್ಟು ಅಂತ ಅವರಿಗೆ ಯಾರಾದರೂ ಸರಿಯಾದ ಉತ್ತರ ಕೊಡಬೇಕಾದರೆ ಈ ಹಳೆಯ ಅಂಕಿಗಳು ನಂಬುವ ಹಾಗಿರಬೇಕು.

ಕೊನೆಗೆ ಒಂದು ಬೇಡಿಕೆ. ಹೆದ್ದಾರಿ ಅಗಲ ಮಾಡುವಾಗ, ಹಳೆ ಕಟ್ಟಡ ಕೆಡಹುವಾಗ ಸರ್ವೇಯವರ ಕಲ್ಲುಗಳು ಮಣ್ಣು ಸೇರುತ್ತವೆ. 'ಜಿಟಿಎಸ್' (ಗ್ರೇಟ್ ಟ್ರಿಗ್ನಾಮೆಟ್ರಿಕಲ್ ಸರ್ವೇ, ದೇಶವನ್ನೆಲ್ಲ ಅಳೆದ ಹಳೆಯ ಸರ್ವೇ), 'ಬಿಎಂ' (ಬೆಂಚ್‌ಮಾರ್ಕ್) ಅಂತ ಇಂಗ್ಲಿಷ್ ಅಕ್ಷರ ಕೆತ್ತಿದ ಕಲ್ಲು ಎಲ್ಲಾದರೂ ಕಂಡರೆ, ಅದನ್ನು ಕದಲಿಸುವ ಮೊದಲು ಒಂದು ಫೋಟೋ ತೆಗೆಯಿರಿ. ಪಕ್ಕದ ಮರವೋ ಗೋಡೆಯೋ ಕಾಣುವ ಹಾಗೆ ಇನ್ನೊಂದು ತೆಗೆಯಿರಿ. ಆಮೇಲೆ ನನಗೆ ಫೋನ್ ಮಾಡಿ, ರಾತ್ರಿಯಾದರೂ ಪರವಾಗಿಲ್ಲ.